ಫ್ರೆಂಚಿನ ಇಂಪರ್ಫೆಕ್ಟ್ ಸಬ್ಜಂಕ್ಟಿವ್: ಒಂದು ರೂಪ ಗೊತ್ತಿದ್ದರೆ ಆರೂ ರೂಪ ಕಟ್ಟಬಹುದು

ಫ್ರೆಂಚ್ ಕಲಿಯುತ್ತಾ ಎರಡು ಮೂರು ವರ್ಷ ಆದ ಮೇಲೆ ಒಂದು ಹಳೇ ಕಾದಂಬರಿ ಕೈಗೆತ್ತಿಕೊಳ್ಳುತ್ತೀರಿ. ಮೊದಲ ಪುಟದಲ್ಲೇ ಒಂದು ಕ್ರಿಯಾಪದ ಅಡ್ಡ ನಿಲ್ಲುತ್ತದೆ. ‘ಫ್ಯೂ’ ಅಂತಲೇ ಓದಬೇಕು, ಆದರೆ ಯು ಅಕ್ಷರದ ತಲೆ ಮೇಲೆ ಟೋಪಿ ಚಿಹ್ನೆ ಇದೆ. ನಾನು ಮೊದಲ ಸಲ ಅದನ್ನು ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಮುಂದಿನ ಪುಟದಲ್ಲಿ ಅಂಥವೇ ಇನ್ನೂ ನಾಲ್ಕು ಕಂಡಾಗ ತಪ್ಪು ನನ್ನದೇ ಅಂತ ಗೊತ್ತಾಯಿತು. ಅದೇ ಇಂಪರ್ಫೆಕ್ಟ್ ಸಬ್ಜಂಕ್ಟಿವ್, ಅಂದರೆ ಬಯಕೆ, ಭಯ, ಅನುಮಾನ ಹೇಳುವ ಸಬ್ಜಂಕ್ಟಿವ್ ಕ್ರಿಯಾರೂಪದ ಭೂತಕಾಲ. ಫ್ರೆಂಚರು ಇದನ್ನು ‘ಸ್ಯುಬ್ಜೋಂಕ್ತಿಫ್ ಆ್ಯಂಪಾರ್ಫೆ’ ಅನ್ನುತ್ತಾರೆ.

ಮಾತಿನಲ್ಲಿ ಇದು ಈಗ ಇಲ್ಲ ಅಂದರೂ ಆದೀತು. ಆದರೆ 17ರಿಂದ 20ನೇ ಶತಮಾನದವರೆಗಿನ ಫ್ರೆಂಚ್ ಬರಹದಲ್ಲಿ ಪುಟಪುಟಕ್ಕೂ ಸಿಗುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟು: ಓದಲು ಆರೂ ರೂಪ ಕಲಿಯಿರಿ, ಬರೆಯಲು ಪ್ರಥಮ ಪುರುಷದ (‘ಅವನು, ಅವಳು, ಅದು’) ಏಕವಚನ ಒಂದೇ ಸಾಕು, ಮಾತಿಗೆ ಇದನ್ನು ತರಬೇಡಿ. ಡೆಲ್ಫ್ ಅನ್ನುವ ಫ್ರೆಂಚ್ ಭಾಷಾ ಪರೀಕ್ಷೆಗೆ ತಯಾರಾಗುತ್ತಿರುವವರು ಮೊದಲು ವರ್ತಮಾನದ ಸಬ್ಜಂಕ್ಟಿವ್ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಇಲ್ಲಿಗೆ ಬನ್ನಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಫ್ರೆಂಚ್ ಪದಗಳನ್ನು ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕಾಗುಣಿತ ಮುಖ್ಯವಾದ ಕಡೆ ಅಕ್ಷರಗಳನ್ನು ಬಿಡಿಸಿ ಹೇಳುತ್ತೇನೆ. ‘ಫ್ಯೂ’, ‘ಸ್ಯೂ’ ಅಂತ ಬರೆದಲ್ಲೆಲ್ಲ ತುಟಿಯನ್ನು ‘ಊ’ ಹೇಳುವ ಹಾಗೆ ಗುಂಡಗೆ ಮಾಡಿ ‘ಈ’ ಹೇಳಿ. ಆ ಸ್ವರ ಕನ್ನಡದಲ್ಲಿ ಇಲ್ಲ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಪ್ರತಿ ರೂಪವನ್ನೂ ಫ್ರೆಂಚ್ ಅಕ್ಷರದಲ್ಲಿ ಬರೆಯುತ್ತಾ ಹೋದರೆ ಚೆನ್ನಾಗಿ ಕೂರುತ್ತದೆ.

ಮೊದಲು ಕನ್ನಡದಲ್ಲೇ ಒಂದು ಸಂಗತಿ ನೋಡೋಣ

“ಜೋಕೆ, ಬಿದ್ದೀಯೆ!” ಅಂತ ಮಗುವಿಗೆ ಹೇಳುತ್ತೇವೆ. “ಮಳೆ ಬಂದೀತು, ಕೊಡೆ ತಗೋ” ಅನ್ನುತ್ತೇವೆ. ಮಗು ಇನ್ನೂ ಬಿದ್ದಿಲ್ಲ, ಮಳೆ ಇನ್ನೂ ಬಂದಿಲ್ಲ. ಆದರೂ ‘ಬಿದ್ದ’, ‘ಬಂದ’ ಅನ್ನುವ ಭೂತಕಾಲದ ರೂಪವೇ ಒಳಗೆ ಕೂತಿದೆ. ‘ಬೀಳು’, ‘ಬರು’ ಅಲ್ಲ. ಬಂದೇನು, ಬಂದೀಯೆ, ಬಂದಾನು, ಬಂದಾಳು, ಬಂದೀತು: ಈ ಸಂಭಾವನಾ ರೂಪಗಳೆಲ್ಲ ಭೂತಕಾಲದ ಬುಡದ ಮೇಲೇ ಕಟ್ಟಿದವು. ಹೇಳುವುದು ಮಾತ್ರ ಆಗಬಹುದಾದ್ದನ್ನು.

ಫ್ರೆಂಚಿನ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಕೂಡ ಹೀಗೇ. ಬುಡ ಭೂತಕಾಲದ್ದು, ಅರ್ಥ ಬಯಕೆಯದ್ದು, ಭಯದ್ದು, ಅನುಮಾನದ್ದು. ಎರಡು ಭಾಷೆಗೂ ಏನೂ ನಂಟಿಲ್ಲ. ಆದರೆ “ಭೂತಕಾಲದ ರೂಪ ಇದ್ದರೂ ಇದು ನಡೆದುಹೋದ ಮಾತಲ್ಲ” ಅನ್ನುವುದು ಕನ್ನಡದ ಕಿವಿಗೆ ಹೊಸದಲ್ಲ. ಹೆದರುವ ಅಗತ್ಯವಿಲ್ಲ.

ಹೆಜ್ಜೆ 1: ಪಾಸೆ ಸ್ಯಾಂಪ್ಲ್‌ನ ‘ತ್ಯೂ’ ರೂಪ ಹುಡುಕಿ

ಎಲ್ಲವೂ ನಿಂತಿರುವುದು ಇದೊಂದರ ಮೇಲೆ. ಪಾಸೆ ಸ್ಯಾಂಪ್ಲ್ ಅಂದರೆ ಬರಹದಲ್ಲಿ ಕಥೆ ಹೇಳಲು ಬಳಸುವ ಭೂತಕಾಲ. ಅದರಲ್ಲಿ ‘ನೀನು’ ಅನ್ನುವುದಕ್ಕೆ ಸೇರುವ ರೂಪ ಬೇಕು. ಅದು ಯಾವಾಗಲೂ ಎಸ್ ಅಕ್ಷರದಲ್ಲಿ ಮುಗಿಯುತ್ತದೆ, ಆ ಎಸ್ ಕಿವಿಗೆ ಕೇಳುವುದಿಲ್ಲ. ಅದರ ಹಿಂದಿರುವ ಸ್ವರ ನೋಡಿದರೆ ಫ್ರೆಂಚ್ ಕ್ರಿಯಾಪದಗಳು ನಾಲ್ಕು ಗುಂಪಾಗುತ್ತವೆ.

ಇ-ಆರ್ ಅಂತ್ಯದ ಕ್ರಿಯಾಪದಗಳೆಲ್ಲ ‘ಆ’ ಗುಂಪು. ಪಾರ್ಲೆ, ಅಂದರೆ ಮಾತಾಡು, ಇಲ್ಲಿ ‘ತ್ಯೂ ಪಾರ್ಲಾ’ ಆಗುತ್ತದೆ. ಬೇರೆಲ್ಲ ಕಡೆ ಹಟ ಮಾಡುವ ಆಲೆ, ಅಂದರೆ ಹೋಗು, ಇಲ್ಲಿ ಸೌಮ್ಯವಾಗಿ ‘ತ್ಯೂ ಆಲಾ’ ಆಗಿಬಿಡುತ್ತದೆ. ಈ ಗುಂಪಿನಲ್ಲಿ ಅಪವಾದವೇ ಇಲ್ಲ.

‘ಇ’ ಗುಂಪು ದೊಡ್ಡದು. ಫಿನೀರ್ (ಮುಗಿಸು) ಫಿನಿ ಆಗುತ್ತದೆ, ವಾಂದ್ರ್ (ಮಾರು) ವಾಂದಿ, ಫೇರ್ (ಮಾಡು) ಫಿ, ಪ್ರಾಂದ್ರ್ (ತಗೋ) ಪ್ರಿ, ಮೆತ್ರ್ (ಇಡು) ಮಿ, ದೀರ್ (ಹೇಳು) ದಿ, ಎಕ್ರೀರ್ (ಬರೆ) ಎಕ್ರಿವಿ. ಹುಟ್ಟು ಅನ್ನುವ ನೇತ್ರ್ ಮಾತ್ರ ಗುರುತು ಸಿಗದಷ್ಟು ಬದಲಾಗಿ ನಾಕಿ ಆಗುತ್ತದೆ.

‘ಯೂ’ ಗುಂಪಿನಲ್ಲಿ ದಿನಬಳಕೆಯ ಪದಗಳೇ ಜಾಸ್ತಿ. ಎತ್ರ್ (ಇರು) ಫ್ಯೂ, ಅವ್ವಾರ್ (ಹೊಂದಿರು) ಯೂ, ಪುವ್ವಾರ್ (ಆಗು, ಸಾಧ್ಯವಾಗು) ಪ್ಯೂ, ಸಾವ್ವಾರ್ (ತಿಳಿದಿರು) ಸ್ಯೂ, ದೆವ್ವಾರ್ (ಬೇಕಾಗು) ದ್ಯೂ, ವುಲ್ವಾರ್ (ಬಯಸು) ವುಲ್ಯೂ, ಲೀರ್ (ಓದು) ಲ್ಯೂ, ವೀವ್ರ್ (ಬಾಳು) ವೆಕ್ಯೂ. ನೆನಪಿಡಲು ಒಂದು ದಾರಿ ಇದೆ. ಪಾಸೆ ಕೋಂಪೋಸೆ ಅನ್ನುವ ಮಾತಿನ ಭೂತಕಾಲದಲ್ಲಿ ಬಳಸುವ ಪಾರ್ಟಿಸಿಪಲ್ (ನಮ್ಮ ‘ಬಂದ’, ‘ನೋಡಿದ’ ಥರದ ರೂಪ) ‘ಯೂ’ ಸ್ವರದಲ್ಲಿ ಮುಗಿದರೆ ಬಹುಮಟ್ಟಿಗೆ ಈ ಗುಂಪೇ. ಆದರೆ ಪೂರ್ತಿ ನಂಬಬೇಡಿ. ನೋಡು ಅನ್ನುವುದಕ್ಕೆ ಪಾರ್ಟಿಸಿಪಲ್ ‘ವ್ಯೂ’, ಆದರೂ ಪಾಸೆ ಸ್ಯಾಂಪ್ಲ್ ‘ವಿ’. ಮಾರು ಅನ್ನುವುದಕ್ಕೆ ‘ವಾಂದ್ಯೂ’, ಆದರೂ ‘ವಾಂದಿ’. ಸಾಯು ಅನ್ನುವುದು ತಿರುಗಿಸಿ ಹೊಡೆಯುತ್ತದೆ: ಪಾರ್ಟಿಸಿಪಲ್ ‘ಮೋರ್’, ಪಾಸೆ ಸ್ಯಾಂಪ್ಲ್ ‘ಮುರ್ಯೂ’.

ನಾಲ್ಕನೆಯದು ಮೂಗಿನ ಸ್ವರದ ಗುಂಪು. ವೆನೀರ್ (ಬಾ), ತೆನೀರ್ (ಹಿಡಿ), ಮತ್ತು ಇವುಗಳ ಮುಂದೆ ಉಪಸರ್ಗ ಹಚ್ಚಿ ಹುಟ್ಟಿದ ಪದಗಳು ಮಾತ್ರ. ‘ತ್ಯೂ ವ್ಯಾಂ’, ‘ತ್ಯೂ ತ್ಯಾಂ’. ಕಾಗುಣಿತ ವಿ-ಐ-ಎನ್-ಎಸ್.

ಹೆಜ್ಜೆ 2: ಎಸ್-ಇ ಸೇರಿಸಿ

ಆ ‘ತ್ಯೂ’ ರೂಪಕ್ಕೆ ಎಸ್-ಇ ಅಂಟಿಸಿದರೆ ‘ನಾನು’ ರೂಪ ಸಿದ್ಧ. ಪಾರ್ಲಾ ಇದ್ದದ್ದು ‘ಕ ಜ ಪಾರ್ಲಾಸ್’ ಆಗುತ್ತದೆ (‘ಕ’ ಅಂದರೆ ನಮ್ಮ ‘ಅಂತ’, ‘ಜ’ ಅಂದರೆ ‘ನಾನು’). ಇದ್ದ ಒಂದು ಎಸ್ ಜೊತೆ ಇನ್ನೊಂದು ಸೇರಿ ಎರಡಾಯಿತು, ಅದಕ್ಕೇ ಈಗ ಕಿವಿಗೆ ಕೇಳುತ್ತದೆ. ಹಾಗೇ ಫಿನಿಸ್, ವಾಂದಿಸ್, ಫಿಸ್, ಫ್ಯೂಸ್, ಯೂಸ್, ವ್ಯಾಂಸ್.

ಉಳಿದವು ಸಲೀಸು. ‘ತ್ಯೂ’ಗೆ ಎಸ್-ಇ-ಎಸ್, ‘ನು’ಗೆ (ನಾವು) ಎಸ್-ಐ-ಓ-ಎನ್-ಎಸ್, ‘ವು’ಗೆ (ನೀವು) ಎಸ್-ಐ-ಇ-ಜೆಡ್, ‘ಇಲ್’ನ (ಅವನು) ಬಹುವಚನಕ್ಕೆ ಎಸ್-ಇ-ಎನ್-ಟಿ. ‘ಇರು’ ಕ್ರಿಯಾಪದವನ್ನು ಜೋರಾಗಿ ಹೇಳಿ ನೋಡಿ:

ಕ ಜ ಫ್ಯೂಸ್
ಕ ತ್ಯೂ ಫ್ಯೂಸ್
ಕಿಲ್ ಫ್ಯೂ
ಕ ನು ಫ್ಯೂಸ್ಯೋಂ
ಕ ವು ಫ್ಯೂಸ್ಯೆ
ಕಿಲ್ ಫ್ಯೂಸ್

ಮಾತಾಡು ಅನ್ನುವುದಕ್ಕೆ ಪಾರ್ಲಾಸ್, ಪಾರ್ಲಾಸ್, ಪಾರ್ಲಾ, ಪಾರ್ಲಾಸ್ಯೋಂ, ಪಾರ್ಲಾಸ್ಯೆ, ಪಾರ್ಲಾಸ್. ಮೊದಲನೆಯದು, ಎರಡನೆಯದು, ಆರನೆಯದು ಬರಹದಲ್ಲಿ ಬೇರೆ, ಕಿವಿಗೆ ಒಂದೇ. ‘ಪಾರ್ಲಾಸ್ಯೋಂ’ ಅನ್ನುವಲ್ಲಿ ನಾಲಿಗೆಗೆ ಭಾರ ಅನ್ನಿಸುತ್ತದೆ ಅಲ್ವಾ? ಫ್ರೆಂಚರಿಗೂ ಹಾಗೇ ಅನ್ನಿಸಿತು. ಪುವ್ವಾರ್‌ನ ‘ಪ್ಯೂಸ್’ ಅಂತೂ ಚಿಗಟ ಅನ್ನುವ ಫ್ರೆಂಚ್ ಪದದ ಹಾಗೇ ಕೇಳುತ್ತದೆ. ಮಾತಿನಲ್ಲಿ ಈ ರೂಪಗಳು ಸೊರಗಲು ಇಂಥ ಮುಜುಗರವೂ ಒಂದು ಕಾರಣ.

ಹೆಜ್ಜೆ 3: ಟೋಪಿ ಇರುವ ರೂಪ

ಮೂರನೆಯ ಸಾಲನ್ನು ಗಮನಿಸಿದಿರಾ? ಅಲ್ಲಿ ಜೋಡಿ ಎಸ್ ಇಲ್ಲ. ‘ಅವನು, ಅವಳು, ಅದು’ಗೆ ಬರುವ ಈ ರೂಪದಲ್ಲಿ ಕೊನೆಯ ಎಸ್ ತೆಗೆದು ಟಿ ಹಾಕಬೇಕು, ಸ್ವರದ ಮೇಲೆ ಸರ್ಕಂಫ್ಲೆಕ್ಸ್ ಅನ್ನುವ ಟೋಪಿ ಚಿಹ್ನೆ ಇಡಬೇಕು. ವೆನೀರ್ ಗುಂಪಿನಲ್ಲಿ ಟೋಪಿ ಐ ಮೇಲೆ ಬರುತ್ತದೆ, ಆಮೇಲೆ ಎನ್-ಟಿ.

ನೀವು ಓದುವಾಗ ಹೆಚ್ಚು ಎದುರಾಗುವುದು ಇದೇ ರೂಪ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಈ ಟೋಪಿ ಸುಮ್ನೆ ಬಂದದ್ದಲ್ಲ. ಈ ಇಡೀ ರೂಪ ಲ್ಯಾಟಿನ್ನಿನ ಪ್ಲೂಪರ್ಫೆಕ್ಟ್ ಸಬ್ಜಂಕ್ಟಿವ್‌ನಿಂದ (‘ಬಂದಿರಲಿ’ ಥರದ ರೂಪದಿಂದ) ಇಳಿದು ಬಂದಿದೆ. ಅಲ್ಲಿ ‘ಅಮಾವಿಸ್ಸೆಟ್’ ಇತ್ತು, ಸವೆದು ‘ಅಮಾಸ್ಸೆಟ್’ ಆಯಿತು. ಹಳೆಯ ಫ್ರೆಂಚಿನಲ್ಲಿ ಎ-ಎಸ್-ಟಿ ಅಂತ ಕೊನೆಯಾಗುತ್ತಿತ್ತು. ಆಮೇಲೆ ಆ ಎಸ್ ಉಚ್ಚಾರದಿಂದ ಬಿದ್ದುಹೋಯಿತು. ಕಾಗದದ ಮೇಲೆ ಮಾತ್ರ ಬಹಳ ಕಾಲ ಉಳಿಯಿತು. ಫ್ರೆಂಚ್ ಅಕಾಡೆಮಿ 1740ರಲ್ಲಿ ತನ್ನ ನಿಘಂಟಿನ ಮೂರನೇ ಆವೃತ್ತಿ ತಂದಾಗ ಇಂಥ ಸಾವಿರಾರು ಮೂಕ ಎಸ್‌ಗಳನ್ನು ಕಿತ್ತು ಟೋಪಿ ಇಟ್ಟಿತು. ಅಂದರೆ ಬೇರೆ ಐದು ರೂಪದಲ್ಲಿ ಎಸ್ ಕಣ್ಣಿಗೆ ಕಾಣುತ್ತದೆ, ಈ ಒಂದರಲ್ಲಿ ಟೋಪಿಯಾಗಿ ಕೂತಿದೆ. ಇದು ತಿಳಿದ ಮೇಲೆ ನಾನು ಮತ್ತೆ ಟೋಪಿ ಮರೆತಿಲ್ಲ.

ಇದೇ ಲ್ಯಾಟಿನ್ ರೂಪದ ಮಕ್ಕಳು ಇಟಲಿಯಲ್ಲಿ, ಸ್ಪೇನಿನಲ್ಲಿ, ಪೋರ್ಚುಗಲ್ಲಿನಲ್ಲಿ ಇವತ್ತಿಗೂ ಮಾತಿನಲ್ಲಿ ಬದುಕಿವೆ. ಇಟಾಲಿಯನ್ ಕಲಿತವರಿಗೆ ‘ಫೋಸ್ಸೆ’ ಗೊತ್ತಿರುತ್ತದೆ. ಫ್ರೆಂಚಿನ ‘ಫ್ಯೂಸ್’ ಅದರ ತಮ್ಮನೇ.

1990ರಲ್ಲಿ ಫ್ರೆಂಚ್ ಕಾಗುಣಿತ ಸುಧಾರಣೆ ಬಂದು, ಐ ಮತ್ತು ಯು ಮೇಲಿನ ಟೋಪಿ ಬಹಳ ಪದಗಳಲ್ಲಿ ಕಡ್ಡಾಯವಲ್ಲ ಅಂತ ಆಯಿತು. ಆದರೆ ಇಂಪರ್ಫೆಕ್ಟ್ ಸಬ್ಜಂಕ್ಟಿವ್‌ನ ಟೋಪಿಯನ್ನು ಅವರು ಮುಟ್ಟಲಿಲ್ಲ. ಮುಟ್ಟಿದ್ದರೆ ಅರ್ಥವೇ ಕೆಡುತ್ತಿತ್ತು. ಎಫ್-ಯು-ಟಿ ಟೋಪಿ ಇಲ್ಲದೆ ಬರೆದರೆ ‘ಇದ್ದನು’. ಟೋಪಿ ಇಟ್ಟರೆ ‘ಇರಲಿ’ ಅನ್ನುವ ದಿಕ್ಕಿನ ಅರ್ಥ. ಕಿವಿಗೆ ಎರಡೂ ‘ಫ್ಯೂ’. ಕಣ್ಣೊಂದೇ ಆಧಾರ.

ಇನ್ನೊಂದು ಎಚ್ಚರಿಕೆ. ಟೋಪಿ ಕಂಡದ್ದೆಲ್ಲ ಸಬ್ಜಂಕ್ಟಿವ್ ಅಲ್ಲ. ಪಾಸೆ ಸ್ಯಾಂಪ್ಲ್‌ನ ‘ನು’, ‘ವು’ ರೂಪಗಳಿಗೂ ಟೋಪಿ ಇದೆ: ನು ಪಾರ್ಲಾಮ್, ವು ಪಾರ್ಲಾತ್. ಇವು ಎಂ-ಇ-ಎಸ್, ಟಿ-ಇ-ಎಸ್ ಅಂತ ಮುಗಿಯುತ್ತವೆ, ಅಲ್ಲೇ ಗುರುತು ಸಿಗುತ್ತದೆ. ‘ಪ್ಲೇ’ (ಇಷ್ಟವಾಗುತ್ತದೆ), ‘ಕೊನೇ’ (ಬಲ್ಲ) ಥರದ ವರ್ತಮಾನ ರೂಪಗಳಲ್ಲೂ ಟಿ ಮುಂಚೆ ಟೋಪಿ ಇದೆ, ಆದರೆ ಅಲ್ಲಿ ಎ ಮತ್ತು ಐ ಜೋಡಿಯಾಗಿರುತ್ತವೆ.

ಹೆಜ್ಜೆ 4: ಯಾವಾಗ ಬಳಸಬೇಕು

ಸಬ್ಜಂಕ್ಟಿವ್ ಬೇಕೋ ಬೇಡವೋ ಅನ್ನುವುದನ್ನು ನೀವು ಹಿಂದೆ ಕಲಿತ ನಿಯಮವೇ ಹೇಳುತ್ತದೆ. ಬಯಕೆ, ಭಯ, ಅಗತ್ಯ, ಅನುಮಾನ, ‘ಆದರೂ’ ಅನ್ನುವ ‘ಬಿಯ್ಯಾಂ ಕ’, ‘ಆಗಲೆಂದು’ ಅನ್ನುವ ‘ಪುರ್ ಕ’, ‘ಮುಂಚೆ’ ಅನ್ನುವ ‘ಆವಾಂ ಕ’. ಅದರಲ್ಲಿ ಹೊಸದೇನೂ ಇಲ್ಲ. ಹೊಸ ಪ್ರಶ್ನೆ ಒಂದೇ: ಮುಖ್ಯ ವಾಕ್ಯದ ಕಾಲ ಯಾವುದು?

ಮುಖ್ಯ ಕ್ರಿಯಾಪದ ವರ್ತಮಾನ ಅಥವಾ ಭವಿಷ್ಯ ಆಗಿದ್ದರೆ ವರ್ತಮಾನದ ಸಬ್ಜಂಕ್ಟಿವ್. ಅದು ಭೂತಕಾಲ ಅಥವಾ ಕಂಡೀಷನಲ್ (‘ಹಾಗಿದ್ದರೆ ಹೀಗಾಗುತ್ತಿತ್ತು’ ಅನ್ನುವ ರೂಪ) ಆಗಿದ್ದರೆ, ಹಳೆಯ ಕಟ್ಟುನಿಟ್ಟಿನ ಪ್ರಕಾರ, ಇಂಪರ್ಫೆಕ್ಟ್ ಸಬ್ಜಂಕ್ಟಿವ್.

‘ಅವನು ಬರಬೇಕು’ ಅನ್ನಲು ‘ಇಲ್ ಫೋ ಕಿಲ್ ವಿಯೆನ್’. ‘ಅವನು ಬರಬೇಕಿತ್ತು’ ಅನ್ನಲು ಹಳೆಯ ಬರಹದಲ್ಲಿ ‘ಇಲ್ ಫಾಲೆ ಕಿಲ್ ವ್ಯಾಂ’. ಇವತ್ತಿನ ಮಾತಿನಲ್ಲಿ ‘ಇಲ್ ಫಾಲೆ ಕಿಲ್ ವಿಯೆನ್’.

ಕೊನೆಯ ಈ ವಾಕ್ಯ ಕನ್ನಡಕ್ಕೆ ತುಂಬ ಹತ್ತಿರ. “ಅವನು ಬರಲಿ ಅಂತ ಬಯಸುತ್ತೇನೆ”, “ಅವನು ಬರಲಿ ಅಂತ ಬಯಸಿದೆ”. ಮುಖ್ಯ ಕ್ರಿಯಾಪದ ಭೂತಕಾಲಕ್ಕೆ ಹೋದರೂ ನಮ್ಮ ‘ಬರಲಿ’ ಜಾಗ ಬಿಟ್ಟು ಕದಲುವುದಿಲ್ಲ. ಇವತ್ತಿನ ಫ್ರೆಂಚೂ ಹೀಗೇ ಆಗಿದೆ. ಹಾಗಾಗಿ ನಮಗೆ ಕಷ್ಟ ಕೊಡುವುದು ಹಳೆಯ ಫ್ರೆಂಚ್ ಮಾತ್ರ. ಅಲ್ಲಿ ‘ಬರಲಿ’ ಅನ್ನುವುದಕ್ಕೇ ಎರಡು ರೂಪ, ಮುಖ್ಯ ವಾಕ್ಯದ ಕಾಲ ನೋಡಿ ಒಂದನ್ನು ಆರಿಸಬೇಕು.

ಸಬ್ಜಂಕ್ಟಿವ್ ವಾಕ್ಯದ ಕೆಲಸ ಮುಖ್ಯ ಕೆಲಸಕ್ಕಿಂತ ಮೊದಲೇ ಮುಗಿದಿದ್ದರೆ ಪ್ಲೂಪರ್ಫೆಕ್ಟ್ ಸಬ್ಜಂಕ್ಟಿವ್ ಬೇಕು. ಅದಕ್ಕೆ ಹೊಸ ರೂಪ ಕಲಿಯುವುದು ಬೇಡ. ಅವ್ವಾರ್ ಅಥವಾ ಎತ್ರ್‌ನ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಆದ ಮೇಲೆ ಪಾರ್ಟಿಸಿಪಲ್ ಇಟ್ಟರಾಯಿತು. ‘ಕಿಲ್ ಫ್ಯೂ ವೆನ್ಯೂ’ ಅಂದರೆ ನಮ್ಮ ‘ಬಂದಿರಲಿ’. ‘ಬರಲಿ’, ‘ಬಂದಿರಲಿ’ ಇವೆರಡರ ನಡುವಿನ ಅಂತರ ನಿಮಗೆ ಹುಟ್ಟಿನಿಂದಲೇ ಗೊತ್ತು. ಅದನ್ನೇ ಬಳಸಿಕೊಳ್ಳಿ.

ಕೆಲವು ವಾಕ್ಯ ನೋಡಿ. ‘ಬಿಯ್ಯಾಂ ಕಿಲ್ ಫ್ಯೂ ಮಾಲಾದ್, ಇಲ್ ತ್ರಾವಾಯೆ’: ಕಾಯಿಲೆಯಿದ್ದರೂ ಕೆಲಸ ಮಾಡುತ್ತಿದ್ದ. ‘ಜ ವುಲೆ ಕೆಲ್ ಲ ಸ್ಯೂ’: ಅವಳಿಗೆ ಅದು ತಿಳಿಯಲಿ ಅಂತ ನನಗಿತ್ತು. ‘ಎಲ್ ಪಾರ್ಲೆ ಬಾ ಪುರ್ ಕ ಪೆರ್ಸೊನ್ ನ ಲಾಂತಾಂದಿ’: ಯಾರಿಗೂ ಕೇಳಿಸದಿರಲಿ ಅಂತ ಮೆಲ್ಲಗೆ ಮಾತಾಡುತ್ತಿದ್ದಳು. ಮೂರರಲ್ಲೂ ಟೋಪಿ ಇದೆ, ಮೂರರಲ್ಲೂ ಮುಖ್ಯ ಕ್ರಿಯಾಪದ ಭೂತಕಾಲ.

ಫ್ರೆಂಚರೇ ಎಡವುವ ಜಾಗ ಒಂದಿದೆ. ‘ಆವಾಂ ಕ’ (ಮುಂಚೆ) ಆದ ಮೇಲೆ ಸಬ್ಜಂಕ್ಟಿವ್, ಟೋಪಿ ಬೇಕು. ‘ಆಪ್ರೆ ಕ’ (ಆಮೇಲೆ) ಆದ ಮೇಲೆ ಸಬ್ಜಂಕ್ಟಿವ್ ಇಲ್ಲ, ಟೋಪಿ ಬೇಡ. ಕಾರಣ ಸರಳ. ‘ಅವನು ಹೋಗುವ ಮುಂಚೆ’ ಅಂದಾಗ ಹೋಗುವುದು ಇನ್ನೂ ಆಗಿಲ್ಲ. ‘ಹೋದ ಮೇಲೆ’ ಅಂದಾಗ ಆಗಿ ಮುಗಿದಿದೆ. ‘ಆಪ್ರೆ ಕಿಲ್ ಫ್ಯೂ ಪಾರ್ತಿ’ಯಲ್ಲಿ ಟೋಪಿ ಇಟ್ಟವರು ಅಚ್ಚಾದ ಪುಸ್ತಕಗಳಲ್ಲೂ ಸಿಗುತ್ತಾರೆ.

ಗೊಂದಲ ಮಾಡುವ ಕ್ರಿಯಾಪದಗಳು

ಫಿನೀರ್ ಥರದವು ಕೊಂಚ ತಮಾಷೆ. ಇವುಗಳ ವರ್ತಮಾನದ ಸಬ್ಜಂಕ್ಟಿವ್‌ನಲ್ಲೇ ಜೋಡಿ ಎಸ್ ಇದೆ. ಹಾಗಾಗಿ ‘ಕ ಜ ಫಿನಿಸ್’ ಎರಡೂ ಆಗಬಹುದು. ಆರು ರೂಪಗಳಲ್ಲಿ ಐದು ಅಕ್ಷರಶಃ ಒಂದೇ. ವ್ಯತ್ಯಾಸ ಕಾಣುವುದು ‘ಇಲ್’ನಲ್ಲಿ ಮಾತ್ರ: ವರ್ತಮಾನದಲ್ಲಿ ‘ಫಿನಿಸ್’, ಇಂಪರ್ಫೆಕ್ಟ್‌ನಲ್ಲಿ ಟೋಪಿಯ ‘ಫಿನಿ’.

ಫೇರ್‌ನಲ್ಲಿ ವರ್ತಮಾನ ‘ಫಾಸ್’, ಇಂಪರ್ಫೆಕ್ಟ್ ‘ಫಿಸ್’. ಸ್ವರ ನೋಡಿ ಗುರುತಿಸಬೇಕು. ದೀರ್‌ನಲ್ಲಿ ವರ್ತಮಾನ ‘ದೀಜ್’, ಒಂದೇ ಎಸ್. ಇಂಪರ್ಫೆಕ್ಟ್ ‘ದಿಸ್’, ಎರಡು ಎಸ್. ಒಂದು ಎಸ್ ಮರೆತರೆ ಕಾಲವೇ ಬದಲು.

ಹಾಲು ಕರೆ ಅನ್ನುವ ತ್ರೇರ್‌ಗೆ ಪಾಸೆ ಸ್ಯಾಂಪ್ಲ್ ಇಲ್ಲ. ಬುಡವೇ ಇಲ್ಲದ ಮೇಲೆ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಎಲ್ಲಿಂದ ಬರಬೇಕು? ಅದರಿಂದ ಹುಟ್ಟಿದ ಎಕ್ಸ್‌ತ್ರೇರ್, ದಿಸ್ತ್ರೇರ್‌ಗೂ ಇಲ್ಲ. ಹುಡುಕುತ್ತಾ ಸಮಯ ಕಳೆಯಬೇಡಿ.

ಸಬ್ಜಂಕ್ಟಿವ್ ಅಲ್ಲದ ಕೆಲಸಗಳು

ಹಳೇ ಕಾದಂಬರಿಯಲ್ಲಿ ‘ಓನ್ ಯೂ ದಿ’ ಅಂತ ಬಂದರೆ, ಯು ಮೇಲೆ ಟೋಪಿ ಇದ್ದರೆ, ಅಲ್ಲಿ ಹಿಂದೆ ‘ಕ’ ಇಲ್ಲ, ಬಯಕೆ ಇಲ್ಲ, ಭಯ ಇಲ್ಲ. ಅದು ‘ನೋಡಿದವರು ಹಾಗೇ ಅಂದಿರೋರು’ ಅನ್ನುವ ಅರ್ಥ. ಪ್ಲೂಪರ್ಫೆಕ್ಟ್ ಸಬ್ಜಂಕ್ಟಿವ್ ಇಲ್ಲಿ ಪಾಸ್ಟ್ ಕಂಡೀಷನಲ್‌ನ ಕೆಲಸ ಮಾಡುತ್ತಿದೆ. ‘ಇಲ್ ಯೂ ಫಾಲ್ಯೂ’ ಅಂದರೆ ‘ಬೇಕಾಗುತ್ತಿತ್ತು’. ಇಂಥ ಕಡೆ ಮನಸ್ಸಿನಲ್ಲೇ ಟೋಪಿಯ ‘ಯೂ’ ತೆಗೆದು ಅವ್ವಾರ್‌ನ ಕಂಡೀಷನಲ್ ರೂಪವಾದ ‘ಓರೆ’ ಹಾಕಿಕೊಳ್ಳಿ, ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇವತ್ತಿನ ಬರಹದಲ್ಲೂ ಉಳಿದಿರುವ ಕೆಲವು ಗಟ್ಟಿ ನುಡಿಗಟ್ಟುಗಳಿವೆ. ‘ನ ಫ್ಯೂಸ್ ಕ’ ಅಂದರೆ ‘ಅಷ್ಟಾದರೂ ಸರಿ’. ‘ದ್ಯೂಸೆಜ್’ ಅಂದರೆ ‘ನಾನು ಹಾಗೆ ಮಾಡಬೇಕಾಗಿ ಬಂದರೂ’. ‘ಪ್ಲ್ಯೂ ತಾ ದಿಯ್ಯೋ’ ಅಂದರೆ ‘ದೇವರು ಹಾಗೆ ಮಾಡಬಾರದಿತ್ತೇ!’. ಇವನ್ನು ಬಿಡಿಸದೆ ಇಡಿಯಾಗಿ ಕಲಿಯಿರಿ.

ಮಾತಿನಿಂದ ಯಾಕೆ ಹೋಯಿತು

ಬುಡವೇ ಸೊರಗಿತು, ಅದಕ್ಕೆ. ಪಾಸೆ ಸ್ಯಾಂಪ್ಲ್ ಮಾತಿನಿಂದ ಹೊರಟುಹೋಗಿ ಆ ಜಾಗಕ್ಕೆ ಪಾಸೆ ಕೋಂಪೋಸೆ ಬಂತು. ಅದರ ಮೇಲೆ ನಿಂತಿದ್ದ ಈ ರೂಪಕ್ಕೂ ನೆಲೆ ತಪ್ಪಿತು. ಫ್ರೆಂಚ್ ಸರ್ಕಾರ 1901ರ ಫೆಬ್ರವರಿ 26ರ ಆದೇಶದಲ್ಲಿ, ಮುಖ್ಯ ವಾಕ್ಯ ಕಂಡೀಷನಲ್ ಇದ್ದಾಗ ಪರೀಕ್ಷೆಯಲ್ಲಿ ವರ್ತಮಾನದ ಸಬ್ಜಂಕ್ಟಿವ್ ಬರೆದರೂ ತಪ್ಪಲ್ಲ ಅಂತ ಒಪ್ಪಿತು. 1976ರ ಡಿಸೆಂಬರ್ 28ರ ಆದೇಶ ಭೂತಕಾಲದ ಮುಖ್ಯ ವಾಕ್ಯಕ್ಕೂ ಆ ರಿಯಾಯಿತಿ ಕೊಟ್ಟಿತು. ಆದ್ದರಿಂದ ನೀವು ಪತ್ರದಲ್ಲೋ ಪರೀಕ್ಷೆಯಲ್ಲೋ ವರ್ತಮಾನದ ರೂಪ ಬರೆದರೆ ಅಳುಕಬೇಡಿ.

ಬರೆಯುವ ಆಸೆ ಇದ್ದರೆ, ಪಾಸೆ ಸ್ಯಾಂಪ್ಲ್‌ನಲ್ಲಿ ಕಥೆ ಬರೆಯುವಾಗ ಮಾತ್ರ, ಅದೂ ಟೋಪಿಯ ರೂಪವನ್ನೇ ಬಳಸಿ. ಅದು ಗಂಭೀರವಾಗಿ, ಚೆಂದವಾಗಿ ಕೂರುತ್ತದೆ. ‘ಪಾರ್ಲಾಸ್ಯೋಂ’ ಥರದ್ದು ಓದುಗನ ಗಮನವನ್ನು ಕಥೆಯಿಂದ ಕಿತ್ತುಬಿಡುತ್ತದೆ.

ಅಭ್ಯಾಸ ಹೇಗೆ

ಪುಸ್ತಕದ ಒಂದು ಪುಟ ತಗೊಳ್ಳಿ, 19ನೇ ಶತಮಾನದ್ದಾದರೆ ಒಳ್ಳೆಯದು. ಪೆನ್ಸಿಲಿನಲ್ಲಿ ಟಿ ಮುಂಚೆ ಇರುವ ಟೋಪಿಗಳಿಗೂ ಜೋಡಿ ಎಸ್‌ಗಳಿಗೂ ಸುತ್ತು ಹಾಕಿ. ಪ್ರತಿಯೊಂದರ ಹಿಂದೆ ‘ಕ’ ಎಲ್ಲಿದೆ, ಅದರ ಹಿಂದಿನ ಮುಖ್ಯ ಕ್ರಿಯಾಪದ ಯಾವುದು ಅಂತ ಗೆರೆ ಎಳೆಯಿರಿ. ಆಮೇಲೆ ಆ ರೂಪದ ಜಾಗದಲ್ಲಿ ವರ್ತಮಾನದ ಸಬ್ಜಂಕ್ಟಿವ್ ಹಾಕಿ ಓದಿ. ಕೊನೆಗೆ ಕನ್ನಡಕ್ಕೆ ತನ್ನಿ. ‘ಲಿ’, ‘ಅರೂ’, ‘ಮುಂಚೆ’ ಇವುಗಳಲ್ಲಿ ಒಂದು ಬಹುಮಟ್ಟಿಗೆ ಬರುತ್ತದೆ. ದಿನಕ್ಕೆ ಒಂದು ಪುಟ ಸಾಕು.

ಮೈಸೂರಿನ ಇತಿಹಾಸದಲ್ಲಿ ಆಸಕ್ತಿ ಇರುವವರಿಗೆ ಇದು ಇನ್ನೂ ಜಾಸ್ತಿ ಉಪಯೋಗ. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ವರ್ಸಾಯಿಯಲ್ಲಿ 16ನೇ ಲೂಯಿಯನ್ನು ಕಂಡರು. ಹೈದರ್, ಟಿಪ್ಪು ಇಬ್ಬರ ಬಗ್ಗೆಯೂ ಆ ಕಾಲದ ಫ್ರೆಂಚರು ಬರೆದದ್ದು ಬಹಳ ಇದೆ. ಆಗಿನ ಫ್ರೆಂಚಿನಲ್ಲಿ ಈ ರೂಪ ನಿತ್ಯದ ಬಳಕೆ. ‘ರಾಜ ಸಹಾಯ ಕಳಿಸಿದ’ ಮತ್ತು ‘ರಾಜ ಸಹಾಯ ಕಳಿಸಲಿ ಅಂತ ಕೋರಿದರು’ ಇವೆರಡನ್ನು ಅದಲುಬದಲು ಓದಿದರೆ ಇತಿಹಾಸವೇ ತಿರುಗಿಬೀಳುತ್ತದೆ.

ಈಗ ಐದು ವಾಕ್ಯ. ಆವರಣದಲ್ಲಿರುವ ಕ್ರಿಯಾಪದಕ್ಕೆ ಸರಿಯಾದ ರೂಪ ಬರೆಯಿರಿ. ರಾತ್ರಿ ಆಗುವ (ತೋಂಬೆ) ಮುಂಚೆ ಹೊರಟರು. ಬಾಗಿಲುಗಳು ಮುಚ್ಚಿದ್ದರೂ (ಎತ್ರ್, ಬಹುವಚನ) ಒಳಗೆ ಹೋದ. ನಾನು ಅದನ್ನು ತಗೋಬೇಕಿತ್ತು (ಪ್ರಾಂದ್ರ್). ಅವನು ಅವಳನ್ನು ನೋಡಲಿ (ವ್ವಾರ್) ಅಂತ ಕಾಯುತ್ತಿದ್ದರು. ಮಳೆ ಬಂದೀತು (ಪ್ಲವ್ವಾರ್) ಅಂತ ಹೆದರಿದೆವು.

ಉತ್ತರ: ಟೋಪಿಯ ‘ತೋಂಬಾ’, ಜೋಡಿ ಎಸ್‌ನ ‘ಫ್ಯೂಸ್’, ‘ಪ್ರಿಸ್’, ಟೋಪಿಯ ‘ವಿ’, ಟೋಪಿಯ ‘ಪ್ಲ್ಯೂ’. ಕೊನೆಯದನ್ನು ಮೇಲೆ ಎಲ್ಲೋ ನೋಡಿದ ಹಾಗಿದೆಯಲ್ಲ? ‘ಪ್ಲ್ಯೂ ತಾ ದಿಯ್ಯೋ’ದಲ್ಲಿ ಇರುವುದೂ ಇದೇ ಅಕ್ಷರಗಳು. ಆದರೆ ಅದು ‘ಇಷ್ಟವಾಗು’ ಅನ್ನುವ ಪ್ಲೇರ್‌ನಿಂದ ಬಂದದ್ದು. ಮಳೆ ಸುರಿಯುವುದಕ್ಕೂ ದೇವರಿಗೆ ಮೆಚ್ಚುಗೆಯಾಗುವುದಕ್ಕೂ ಫ್ರೆಂಚಿನಲ್ಲಿ ಈ ಒಂದು ರೂಪವೇ.